ರಾಣಿ ಪ್ರೀತಿಸಿದ್ದಕ್ಕೆ ಆಧಾರವೇನು?

ನಮ್ಮ ಸೋದರತ್ತೆ ಪಾಳೇಗಾರರ ಕಾಲದಲ್ಲಿ ಹುಟ್ಟಲಿಲ್ಲವೆಂಬುದು ಆ ಕಾಲದ ರಾಣಿಯರ ಪುಣ್ಯ! ಅಂತಃಪುರದ ಬಾಗಿಲಲ್ಲಿ ಕೈಕಟ್ಟಿ ನಿಂತು "ಇದಕ್ಕೆ ಆಧಾರ ಏನು?" ಎಂದು ಕೇಳುವ ಹೆಂಗಸಿದ್ದರೆ ಯಾವ ರಾಜನಿಗೆ ತಾನೇ ಸರಸ ಹೊಳೆದೀತು?

ಹಲಸೂರಿನ ಮನೆಯ ಜಗಲಿಯಲ್ಲಿ ಅವರು ಐತಿಹಾಸಿಕ ಕಾದಂಬರಿ ಹಿಡಿದು ಕೂತರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಒಮ್ಮೆ ಇದ್ದಕ್ಕಿದ್ದಂತೆ ಕಿರುಚಿದರು: "ರೀ, ಈ ರಾಣಿಗೆ ಹಸಿಮೆಣಸಿನಕಾಯಿ ಎಲ್ಲಿಂದ ಬಂತ್ರೀ? ಆಗಿನ್ನೂ ನಮ್ಮ ದೇಶಕ್ಕೇ ಬಂದಿರ್ಲಿಲ್ಲ!"

ಮಾವ ಚಪ್ಪಲಿ ಮೆಟ್ಟುತ್ತಲೇ ಹೇಳಿದರು: "ನಮ್ಮನೇಲೂ ಇಲ್ಲ ಕಣೇ. ಶಿವಾಜಿನಗರಕ್ಕೆ ಹೊರಟಿದ್ದೀನಿ. ಅವಳಿಗೂ ಸೇರಿಸಿ ಅರ್ಧ ಕೆಜಿ ತರ್ಲಾ?"

ಇನ್ನೊಂದು ಕಾದಂಬರಿಯಲ್ಲಿ ರಾಣಿ ಜರತಾರಿ ಸೀರೆಯುಟ್ಟು ಮೆಟ್ಟಿಲಿಳಿದು ಓಡಿಬಂದು ಪ್ರಿಯಕರನ ಕುದುರೆಯೇರಿದ್ದಳು. ಅತ್ತೆಗೆ ಅನುಮಾನ ಬಂತು. ಅನುಮಾನ ಬಂದರೆ ಪರೀಕ್ಷೆಯಾಗಲೇಬೇಕು! ನನ್ನನ್ನು ಎಳೆದುಕೊಂಡು ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಗೆ ಹೋದರು. ಇದ್ದುದರಲ್ಲೇ ಭಾರದ ಜರಿ ಸೀರೆ ಮೈಮೇಲೆ ಸುತ್ತಿಸಿಕೊಂಡು, ನೋಡನೋಡುತ್ತಿದ್ದಂತೆ ಮೆಟ್ಟಿಲ ಕಡೆ ಓಟ ಕಿತ್ತರು. ಅಂಗಡಿಯವರು ಹಿಂದೆಯೇ ಓಡಿದರು.

"ಅಮ್ಮಾ! ಟ್ರಯಲ್ ಅಂದ್ರೆ ಕನ್ನಡಿ ಮುಂದೆ ನಿಂತ್ಕೊಳ್ಳೋದಮ್ಮಾ!"

ಮೂರನೇ ಮೆಟ್ಟಿಲಲ್ಲೇ ಅತ್ತೆ ಏದುಸಿರು ಬಿಡುತ್ತ ಕೂತುಬಿಟ್ಟರು. ಮುಖದಲ್ಲಿ ಮಾತ್ರ ಗೆದ್ದ ಕಳೆ. "ನೋಡಿದ್ಯಾ? ಓಡಕ್ಕಾಗಲ್ಲ. ಬರೀ ಸುಳ್ಳು." ಸೀರೆ ಪ್ಯಾಕ್ ಮಾಡಲಾ ಎಂದದ್ದಕ್ಕೆ, "ರಾಣೀನೇ ಹೊತ್ತು ಓಡಕ್ಕಾಗದ್ದು ನನಗ್ಯಾಕಪ್ಪ?" ಅಂದರು. ಆ ಬೀದಿಗೆ ನಾನು ಈಗಲೂ ಮುಖ ಮುಚ್ಚಿಕೊಂಡೇ ಹೋಗುತ್ತೇನೆ.

ಇಂಥವರು ತಾವೇ ಕಾದಂಬರಿ ಬರೆದರೆ ಹೇಗಿರಬೇಡ! ಬರೆದರು. ಕೆ.ಆರ್.ಪುರದ ಆಚೆ ಒಂದು ಹಳೇ ಶಾಸನದ ಕಲ್ಲಿದೆ. ಯಾವಳೋ ರಾಣಿ, ತೀರಿಕೊಂಡ ಗಂಡನಿಗೆ ಪುಣ್ಯವಾಗಲೆಂದು ಕೆರೆ ಕಟ್ಟಿಸಿದಳು ಎಂದಷ್ಟೇ ಅದರಲ್ಲಿರುವುದು. ಅತ್ತೆ ಅವಳ ಕಥೆ ಬರೆದರು, ನಾನು ಟೈಪ್ ಮಾಡಿದೆ. ಮೊದಲ ರಾತ್ರಿಯ ಅಧ್ಯಾಯ ಪೂರ್ತಿ ಹೀಗಿತ್ತು: "ಅಂದು ರಾಜರಾಣಿಯರು ಏನು ಮಾತಾಡಿದರೆಂಬುದಕ್ಕೆ ಆಧಾರಗಳಿಲ್ಲ. ಬೆಳಗಾಯಿತು."

ಮಾವ ಅದನ್ನು ಓದಿ ಹೊಟ್ಟೆ ಹಿಡಿದು ನಕ್ಕರು. ಆದರೂ ಹೆಂಡತಿಯ ಪುಸ್ತಕ ಅಚ್ಚಾಗಿ ಕೈಗೆ ಬರಲಿ ಎಂದು ಕಾಯುತ್ತಿದ್ದರು. ಅದಕ್ಕೆ ಮುಂಚೆಯೇ, ಕಳೆದ ವರ್ಷ, ತೀರಿಕೊಂಡರು.

ಅವರಿಗಾಗಿಯಾದರೂ ಅಚ್ಚು ಹಾಕಿಸಬೇಕೆಂದು ಅತ್ತೆ ಇಂದಿರಾನಗರದ ಪ್ರಕಾಶಕರ ಬಳಿ ಹೋದರು. ಹುಡುಗ ವಯಸ್ಸಿನ ಪ್ರಕಾಶಕರು ಹಾಳೆಗಳನ್ನು ತಿರುವಿ ತಲೆ ಕೆರೆದುಕೊಂಡರು.

"ಮೇಡಂ, ಕೆರೆ ಇದೆ, ಏರಿ ಇದೆ, ತೂಬೂ ಇದೆ. ಲವ್ ಎಲ್ಲಿ? ಒಂದು ಚಾಪ್ಟರ್ ಆದ್ರೂ ಬೇಕು. ಇಲ್ಲಾಂದ್ರೆ ಪ್ರಿಂಟ್ ಮಾಡಕ್ಕಾಗಲ್ಲ."

"ಕಲ್ಲಲ್ಲಿ ಇಲ್ಲ."

"ಗಂಡ ಹೆಂಡ್ತಿ ಒಂದ್ಸಲನಾದ್ರೂ ಪ್ರೀತಿಯಾಗಿ ಮಾತಾಡಿರಲ್ವಾ ಮೇಡಂ?"

"ಆಡಿರಬಹುದು. ನಾನಲ್ಲಿ ಇರ್ಲಿಲ್ಲ!"

ಹಾಳೆಗಳು ವಾಪಸು ಬಂದವು. ಅತ್ತೆ ವಾರಗಟ್ಟಲೆ ಅವನ್ನು ಮುಟ್ಟಲಿಲ್ಲ. ಪುಸ್ತಕದ ಕಥೆ ಮುಗಿಯಿತೆಂದೇ ನಾನು ತಿಳಿದೆ.

ಆಮೇಲೊಂದು ಭಾನುವಾರ ಕರೆದು ಒಂದು ಹೊಸ ಹಾಳೆ ಕೊಟ್ಟರು. ಅದರಲ್ಲಿತ್ತು: "ಊಟವಾದ ಮೇಲೆ ರಾಣಿ ವೀಳ್ಯದೆಲೆಗೆ ಸುಣ್ಣ ಸವರಿ, ಅಡಕೆಯಿಟ್ಟು ಮಡಿಸಿ, ಪಕ್ಕಕ್ಕೆ ಕೈ ಚಾಚಿದಳು. ತೆಗೆದುಕೊಳ್ಳುವವರಿರಲಿಲ್ಲ."

ನನಗೆ ತಮಾಷೆ ಮಾಡದೆ ಇರಲಾಗಲಿಲ್ಲ. "ಏನತ್ತೆ, ಇದು ಕಲ್ಲಲ್ಲಿ ಇಲ್ವಲ್ಲ?"

"ಇಲ್ಲ."

ಅತ್ತೆ ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು.

"ಮೊನ್ನೆ ಊಟ ಆದ್ಮೇಲೆ ಅಭ್ಯಾಸಬಲದಲ್ಲಿ ಮಡಿಸ್ಬಿಟ್ಟೆ ಕಣೇ. ಹಿಂಗೇ ಚಾಚಿದ್ದೆ, ನಿಮ್ಮಾವ ತಗೋತಾರೆ ಅಂತ. ಎಷ್ಟೊತ್ತು ಹಂಗೇ ಹಿಡ್ಕೊಂಡಿದ್ನೋ ಗೊತ್ತಿಲ್ಲ."

ನನ್ನ ಕಣ್ಣು ತುಂಬಿ ಬಂತು. ಅತ್ತೆ ಹಾಳೆಯನ್ನು ನನ್ನತ್ತ ಸರಿಸಿದರು.

"ಅವಳಿಗೂ ಆಗಿರುತ್ತೆ. ಟೈಪ್ ಮಾಡು."