ಬೀಳುವ ಮೊದಲು ಜಾಗ ನೋಡಿದ ಸೈನಿಕ

ಆ ಶನಿವಾರ ಟಾಕೀಸಿನಿಂದ ಹೊರಬರುವಾಗ ನಾನೊಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ಹೊಸಪೇಟೆಯೆಲ್ಲ ತಲೆ ಮೇಲೆ ಹೊತ್ತು ಕುಣಿಯುತ್ತಿರುವ ಈ ಐತಿಹಾಸಿಕ ಚಿತ್ರದ ಬಗ್ಗೆ ಸತ್ಯವನ್ನೇ ಹೇಳುತ್ತೇನೆ, ಯಾರಪ್ಪನಿಗೂ ಹೆದರುವುದಿಲ್ಲ! ಯಶವಂತನಗರದ ಗಣಿ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಅದಿರು ನೋಡಿ ಗ್ರೇಡು ಹೇಳುವವನು ನಾನು. ಕಲ್ಲಿಗೆ ಮಾರ್ಕು ಹಾಕುವವನು ಸಿನಿಮಾಕ್ಕೆ ಹಾಕಲಾರನೇ?

ಜೊತೆಯಲ್ಲಿ ಇಬ್ಬರು ಗೆಳೆಯರಿದ್ದರು. ಲಾರಿ ಇಟ್ಟಿರುವ ಉಚ್ಚೆಂಗಪ್ಪ, ರಾಜ ಸಾಯುವ ದೃಶ್ಯದಲ್ಲಿ ಹೆಗಲ ಮೇಲಿನ ಟವೆಲ್ಲು ಹಿಂಡುವಷ್ಟು ಅತ್ತಿದ್ದ. ಮೊಬೈಲ್ ಅಂಗಡಿಯ ಪಕ್ಕೀರಪ್ಪನಿಗೆ ಇದು ಮೂರನೆಯ ಸಲ. ಮಿರ್ಚಿ ಬಂಡಿಯ ಮುಂದೆ ನಿಂತು ನಾನು ತೀರ್ಪು ಶುರುಮಾಡಿದೆ.

“ಯುದ್ಧ ನಡದದ್ದು ಕೃಷ್ಣಾ ದಂಡಿ ಕರಿ ಎರಿ ಹೊಲದಾಗ. ಇವ್ರ ಕುದುರಿ ಕಾಲಾಗ ಕೆಂಪು ಧೂಳು ಯಾಕ ಏಳ್ತತಿ? ಅದು ನಮ್ಮ ಸಂಡೂರು ಮಣ್ಣು. ಐವತ್ತೆಂಟು ಪರ್ಸೆಂಟ್ ಕಬ್ಬಿಣ ಐತಿ ಅದ್ರಾಗ.”

“ನೀ ಪಿಚ್ಚರ್ ನೋಡಾಕ ಬಂದಿದ್ಯೋ, ಸ್ಯಾಂಪಲ್ ತಗೊಳ್ಳಾಕ ಬಂದಿದ್ಯೋ?” ಎಂದ ಉಚ್ಚೆಂಗಪ್ಪ. “ರಾಜ ಸಾಯೋವಾಗ ನನ್ನ ಎದಿ ಒಡದುಹೋತು ಲೇ.”

“ರಾಜನ್ನ ಬಿಡು. ಕಡೀ ಯುದ್ಧದಾಗ ಆ ಗಡ್ಡದ ಸೈನಿಕ ಏನ್ ಮಾಡ್ದ? ಬಾಣ ನಟ್ಟಮ್ಯಾಲ ಕೆಳಗ ನೋಡ್ದ. ಜಾಗ ಆರಿಸ್ದ. ಉಟ್ಟ ಕಚ್ಚಿ ಸರಿ ಮಾಡ್ಕೊಂಡ. ಆಮ್ಯಾಲ ನಿಧಾನಕ್ಕ ಸತ್ತ. ಅವನ ಬಾಜುಕ ಬೋರಲು ಬಿದ್ದಿದ್ದ ಹೆಣ ಕಾಲು ಎಳಕೊಂತು. ಇಂಥವ್ರು ಇದ್ದದ್ದಕ್ಕ ಸಾಮ್ರಾಜ್ಯ ಹಾಳಾತು.”

ಬಂಡಿಯ ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನನ್ನ ಎದೆ ಉಬ್ಬಿತು. ಪಕ್ಕೀರಪ್ಪ ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದ. ನಾನೇ ಹಾಕು ಎಂದೆ.

ಒಂದು ಮಾತು ಮಾತ್ರ ಮರೆತಿದ್ದೆ. ಹಂಪಿ ಕಡೆ ಶೂಟಿಂಗ್ ನಡೆದರೆ ಸೈನ್ಯ ಬೆಂಗಳೂರಿನಿಂದ ಬರುವುದಿಲ್ಲ. ಕಮಲಾಪುರ, ಕಂಪ್ಲಿ, ಹೊಸಪೇಟೆಯ ಮಂದಿಯೇ ಟೆಂಪೊ ಹತ್ತಿ ಹೋಗಿ, ಸಂಜೆಯವರೆಗೆ ಸತ್ತು, ಮನೆಗೆ ಬಂದು ಊಟ ಮಾಡುತ್ತಾರೆ. ನಮ್ಮ ಊರಲ್ಲಿ ಸಿನಿಮಾದ ಹೆಣವನ್ನು ಬೈಯುವ ಮೊದಲು ಅದು ಯಾರ ಮನೆಯದು ಎಂದು ವಿಚಾರಿಸಬೇಕು.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಕಾವ್ಯ ಮೊಬೈಲ್ ಹಿಡಿದು ಎದುರು ನಿಂತಳು.

“ಇದು ನಿಮ್ಮ ಧ್ವನಿ ಅಲ್ಲೇನ್ರಿ?”

“ಹೌದು. ಹ್ಯಾಂಗೈತಿ?”

“ಭಾಳ ಚಲೋ ಐತಿ. ಆ ಗಡ್ಡದ ಸೈನಿಕ ನನ್ನ ತಮ್ಮ.”

ಕೈಯಲ್ಲಿದ್ದ ಚಹಾ ಬನಿಯನ್ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾಗಲಿಲ್ಲ, ಅಷ್ಟು ಹೆದರಿದ್ದೆ. ಯಾಕೆಂದರೆ ಮರುದಿನ ಸೋಮವಾರ ನಮ್ಮ ಮಗನ ಜವಳ. ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕು, ಆಮೇಲೆ ಉಳಿದದ್ದು. ಕಾವ್ಯಳಿಗೆ ಇರುವವನು ಒಬ್ಬನೇ ತಮ್ಮ, ಮಲ್ಲೇಶ್.

“ಅವ ಬರಲಿಲ್ಲಂದ್ರ ಜವಳ ಇಲ್ಲ,” ಎಂದಳು ಕಾವ್ಯ. “ಅವನ ಕಾಲು ಹಿಡೀತೀರೋ ಕೈ ಹಿಡೀತೀರೋ ನನಗ ಗೊತ್ತಿಲ್ಲ. ನಾಳೆ ಅವ ಈ ಹೊಸ್ತಿಲು ದಾಟಲಿಲ್ಲಂದ್ರ, ನಾನೂ ಕೂಸೂ ಕಂಪ್ಲಿ ಬಸ್ ಹತ್ತೋದ.”

ಕಂಪ್ಲಿ ಎಂದರೆ ನನ್ನ ಮಾವ ಜಡೆಪ್ಪನವರ ರೈಸ್‌ಮಿಲ್ಲು. ಅವರು ಮೀಸೆಗೆ ಕೈ ಹಾಕಿದರೆ ಮಿಲ್ಲಿನ ಹಮಾಲರು ಮೂಟೆ ಇಳಿಸಿ ನಿಲ್ಲುತ್ತಾರೆ. ಮದುವೆಯಾಗಿ ಆರು ವರ್ಷವಾದರೂ ಅವರೆದುರು ನಾನು ಕುರ್ಚಿಗೆ ಬೆನ್ನು ಹಚ್ಚಿಲ್ಲ.

ಮಲ್ಲೇಶನಿಗೆ ಹದಿನೇಳು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಪಕ್ಕೀರಪ್ಪನ ಅಂಗಡಿಗೆ ಓಡಿದೆ. “ಈಗ ತೆಗದೆ ದೋಸ್ತ,” ಎಂದು ಸಮಾಧಾನ ಹೇಳಿದ. “ಅಷ್ಟ್ರಾಗ ನಾನೂರ ಹನ್ನೆರಡು ಮಂದಿ ನೋಡ್ಯಾರ ಅಷ್ಟ.”

ಸೋಮವಾರ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತೆ. ಬೀದಿಯಲ್ಲಿ ಗಾಡಿ ಸದ್ದಾದಾಗಲೆಲ್ಲ ಹೊಸ್ತಿಲು ದಾಟಿ ಇಣುಕುತ್ತಿದ್ದೆ. ಬರದಿದ್ದರೆ ಹೆಂಡತಿ ಹೋಗುತ್ತಾಳೆ, ಬಂದರೆ ನನ್ನ ಮಾನ ಹೋಗುತ್ತದೆ. ಕೊನೆಗೆ ಕಾರು ಬಂತು. ಮಲ್ಲೇಶ್ ಇಳಿದ. ಹಿಂದೆಯೇ ಸೊಂಟ ಹಿಡಿದುಕೊಂಡು ಮಾವ ಇಳಿದರು, ನನ್ನ ಕಡೆ ನೋಡಲೂ ಇಲ್ಲ.

ಮಲ್ಲೇಶನನ್ನು ಬಚ್ಚಲ ಕಡೆ ಎಳೆದುಕೊಂಡು ಹೋಗಿ ಕೈ ಮುಗಿದೆ. “ತಪ್ಪಾತಪ್ಪ. ಆ ಅಂಟಿಸಿದ ಗಡ್ಡದಾಗ ನೀನಂತ ಗೊತ್ತಾಗಲಿಲ್ಲ.”

“ಇರ್ಲಿ ಬಿಡ್ರಿ ಭಾವ. ನೀವು ಹೇಳಿದ್ದು ಖರೇನ. ಜಾಗ ನೋಡೇ ಬಿದ್ದೆ. ನೋಡದ ಬಿದ್ದಿದ್ರ ಅಪ್ಪನ ಸೊಂಟದ ಮ್ಯಾಲ ಬೀಳ್ತಿದ್ದೆ.”

“ಯಾರ ಅಪ್ಪ?”

“ನಮ್ಮಪ್ಪ. ಆ ಕಾಲು ಎಳಕೊಂಡ ಹೆಣ.” ಮಲ್ಲೇಶ್ ದನಿ ತಗ್ಗಿಸಿದ. “ನನ್ನ ಬಿಡಾಕ ಬಂದಿದ್ರು. ಡೈರೆಕ್ಟ್ರು ಅವರ ಮೀಸಿ ನೋಡಿ ಕರದ್ರು, ಆಮ್ಯಾಲ ಬೋರಲು ಮಲಗಿಸಿದ್ರು. ಮದ್ಲ ಅದ ಸಿಟ್ಟು. ಈಗ ನಿಮ್ಮದು ಸೇರೇತಿ.”

ಅಂಗಳದಲ್ಲಿ ನಲವತ್ತು ಜನ ನೆಂಟರು ಕುಳಿತಿದ್ದರು. ಮಲ್ಲೇಶ್ ಹೋಗಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕ್ಷೌರದವನು ನೀರಿನ ಬಟ್ಟಲು ಹಿಡಿದು ನಿಂತ. ಆಗ ಮಾವ ಮೀಸೆಗೆ ಕೈ ಹಾಕಿದರು.

“ಕತ್ರಿ ಆಮ್ಯಾಲ. ಮದ್ಲ ನಮ್ಮ ಅಳಿಯಂದ್ರು ಸಾಯೋದು ಹ್ಯಾಂಗಂತ ತೋರಿಸ್ಲಿ. ನಾವೂ ಕಲ್ಕೊಂತೀವಿ.”

ಕಾವ್ಯಳ ಮುಖ ನೋಡಿದೆ. ಅವಳು ಕಣ್ಣಲ್ಲೇ ಸಾಯಿರಿ ಎಂದಳು.

ಎದೆ ಹಿಡಿದುಕೊಂಡೆ. ಬಾಣ ನಟ್ಟಂತೆ ಮುಖ ಕಿವುಚಿದೆ. ಇನ್ನೇನು ಬೀಳಬೇಕು, ಕೆಳಗೆ ಒದ್ದೆ ಸಿಮೆಂಟು. ಮೈಮೇಲೆ ಹೊಸ ರೇಷ್ಮೆ ಪಂಚೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಜಮಖಾನ ಎಲ್ಲಿದೆ ಎಂದು ನೋಡಿಕೊಂಡೆ. ಪಂಚೆ ಎತ್ತಿ ಸರಿಮಾಡಿಕೊಂಡೆ. ನಿಧಾನವಾಗಿ ಮಲಗಿದೆ. ಕಣ್ಣು ಮುಚ್ಚಿ, ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಕ್ಷೌರದವನ ಬಟ್ಟಲಿನಿಂದ ತಣ್ಣೀರು ಪಾದದ ಮೇಲೆ ಬಿತ್ತು.

ಕಾಲು ತಾನಾಗಿಯೇ ಒಳಕ್ಕೆ ಬಂತು.

ಮಲ್ಲೇಶನ ತೊಡೆಯ ಮೇಲೆ ನನ್ನ ಮಗನೊಬ್ಬನೇ ಕೇಕೆ ಹಾಕಿ ನಕ್ಕ. ಆಮೇಲೆ ಮಾವನ ದನಿ ಕೇಳಿತು, ಬಹಳ ಸಮಾಧಾನದ ದನಿ.

“ಇಂಥವ್ರು ಇದ್ದದ್ದಕ್ಕನ ಸಾಮ್ರಾಜ್ಯ ಹಾಳಾತು. ಮಲ್ಲೇಶ, ಕತ್ರಿ ತಗೋ.”