ಕುರ್ಚಿಗೊಂದು ಕೋಟು

ಕರಿ ಕೋಟನ್ನು ಮೊದಲು ಕಂಡವನು ಕಾಲರಣ್ಣ. ಹೊಸ ಟೈಲರನ ಮೇಜಿನ ಕೆಳಗೆ, ಹಳೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿತ್ತು. ಕಂಡದ್ದೇ ತಡ, ಅವನ ಎದೆಯೊಳಗೆ ಹೊಲಿಗೆ ಯಂತ್ರ ಓಡತೊಡಗಿತು.

ಆ ಟೈಲರಿಂಗ್ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಮೇಲ್ವಿಚಾರಕನಾಗುವವನಿಗೆ ಅಂಗಡಿಯವರೇ ಕರಿ ಕೋಟು ಹೊಲಿಸಿ, ಎಲ್ಲರೆದುರು ತೊಡಿಸಿ, ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಹಳಬ ಕೆಲಸ ಬಿಟ್ಟು ಕುರ್ಚಿ ಖಾಲಿಯಾಗಿತ್ತು. ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡು ಅದೇ ಹೆಸರು ಪಡೆದ ನಮ್ಮ ಕಾಲರಣ್ಣ ಆ ಕುರ್ಚಿಯ ಕನಸಿನಲ್ಲೇ ತಲೆಗೂದಲು ಬೆಳ್ಳಗಾಗಿಸಿಕೊಂಡಿದ್ದ. ಹೆಂಡತಿಯಂತೂ ಕುರ್ಚಿ ಗಂಡನಿಗೇ ಎಂದು ಆಗಲೇ ಬೀದಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದಳು.

ನೆಟ್ಟಗೆ ಯಜಮಾನರನ್ನೇ ಕೇಳಬಹುದಿತ್ತು. ‘ನಿನಗಲ್ಲ’ ಎಂದುಬಿಟ್ಟರೆ? ಆ ಭಯಕ್ಕೆ ಅಂಗಡಿಯ ಇಸ್ತ್ರಿಯವನ ಬಳಿ ಓಡಿದ. ಒಂದೇ ಡಬ್ಬಿಯಲ್ಲಿ ಉಂಡ ಸ್ನೇಹ ಅದು.

“ಹೇಳ್ಬಾರ್ದು ಅಂತಿದ್ದೆ ಅಣ್ಣಾ,” ಸಣಕಲ ಇಸ್ತ್ರಿಯವನು ನಿಟ್ಟುಸಿರಿಟ್ಟ. “ಆ ಕೋಟು ಹೊಸಬನಿಗೇ ಅಂತೆ. ನಿಮಗೆ ವಯಸ್ಸಾಯ್ತು, ಕಣ್ಣು ಕಾಣಲ್ಲ ಅಂತ ಯಜಮಾನ್ರಿಗೆ ಚಾಡಿ ಹೇಳಿದಾನೆ.”

“ಅಯ್ಯೋ! ಈಗೇನ್ ಮಾಡ್ಲೋ?”

“ತನ್ನ ಕೋಟೇ ಹೊಲ್ಕೊಳ್ಳೋಕೆ ಬರದವನಿಗೆ ಕುರ್ಚಿ ಯಾರು ಕೊಡ್ತಾರೆ? ಕೋಟನ್ನ ಎರಡಿಂಚು ಒಳಗೆ ಹಿಡಿದು ಹೊಲೀರಿ, ಸಾಕು. ಮಿಕ್ಕಿದ್ದನ್ನ ಕತ್ತರಿಸಿಬಿಡಿ. ಮತ್ತೆ ಬಿಚ್ಚಿ ಸಡಿಲ ಮಾಡೋಕಾಗ್ಬಾರ್ದು.”

ಅಷ್ಟರಲ್ಲಿ ಅತ್ತ ಬಂದ ಗುಂಡಿ ಹೊಲಿಯುವ ಅಕ್ಕ ಅವನ ಮುಖ ನೋಡಿ ಕೇಳಿದಳು. “ಯಾಕಣ್ಣಾ ಹೀಗೆ ಚಡಪಡಿಸ್ತಿದೀಯಾ? ಸಂಜೆವರೆಗೂ ಸುಮ್ನಿರು, ಒಳ್ಳೇದೇ ಆಗುತ್ತೆ.” ನಕ್ಕಳು ಬೇರೆ. ಇವಳೂ ಹೊಸಬನ ಕಡೆಯವಳೇ ಎಂದು ಕಾಲರಣ್ಣ ಹಲ್ಲು ಕಡಿದ.

ಎಲ್ಲರೂ ಊಟಕ್ಕೆ ಹೋದಾಗ ಕೋಟನ್ನು ಎಳೆದುಕೊಂಡ. ಬೆನ್ನು, ಪಕ್ಕ, ಭುಜ ಒಳಗೆ ಹಿಡಿದು ಹೊಲಿದು, ಮಿಕ್ಕಿದ್ದನ್ನು ಕಚಕಚ ಕತ್ತರಿಸಿದ. ಬಾಗಿಲಲ್ಲಿ ಹೆಜ್ಜೆ ಸದ್ದಾದಾಗ ಕೋಟನ್ನು ಮೊದಲಿನಂತೆ ಸುತ್ತಿಟ್ಟು, ಕತ್ತರಿಸಿದ ಪಟ್ಟಿಗಳನ್ನು ಜೇಬಿಗೆ ತುರುಕಿಕೊಂಡ. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು. ಪಾಪ, ಕೇಡು ಬಗೆಯುವಾಗಲೂ ಅವನಿಗೆ ಕೆಟ್ಟದಾಗಿ ಹೊಲಿಯಲು ಬರುತ್ತಿರಲಿಲ್ಲ.

ಸಂಜೆ ಯಜಮಾನರು ಎಲ್ಲರನ್ನೂ ಕರೆದರು. ಹೊಸಬ ಕೋಟು ತಂದ. ಕಾಲರಣ್ಣ ಒಳಗೊಳಗೇ ನಗುತ್ತ ನಿಂತ.

“ಬಾರಯ್ಯ ಕಾಲರಣ್ಣ, ತೋಳು ಚಾಚು,” ಎಂದರು ಯಜಮಾನರು. “ನಿನಗೆ ಗೊತ್ತಾಗ್ಬಾರ್ದು ಅಂತ ಇವನು ಬರೀ ಕಣ್ಣಳತೆಯಲ್ಲೇ ಹೊಲಿದಿದಾನೆ.”

ಲೋಕದ ಅಳತೆಯನ್ನೆಲ್ಲ ತೆಗೆದ ಕಾಲರಣ್ಣ ತನ್ನ ಅಳತೆಯನ್ನು ಎಂದೂ ತೆಗೆದುಕೊಂಡಿರಲಿಲ್ಲ. ಕೋಟು ಭುಜಕ್ಕೇರಲಿಲ್ಲ. ಯಜಮಾನರು ಎಳೆದರು, ಅಕ್ಕ ತಳ್ಳಿದಳು, ಕಾಲರಣ್ಣ ಕಟ್ಟಿಹಾಕಿದ ಕೋಳಿಯಂತೆ ಒದ್ದಾಡಿದ.

“ಇಷ್ಟೇನಾ ನಿನ್ನ ಕಣ್ಣಳತೆ? ನಾಳೆಯಿಂದ ಬರಬೇಡ!” ಯಜಮಾನರು ಹೊಸಬನ ಮೇಲೆ ಹರಿಹಾಯ್ದರು. ಹೊಸಬನ ಕಣ್ಣು ತುಂಬಿತು. ಕಾಲರಣ್ಣ ಬೆವರು ಒರೆಸಲು ಜೇಬಿನಿಂದ ಕರವಸ್ತ್ರ ಎಳೆದ. ಬಂದದ್ದು ಕರಿ ಪಟ್ಟಿ. ಅದರ ಹಿಂದೆ ಇನ್ನೊಂದು.

“ಇಸ್ತ್ರಿಯವನೇ ಹೇಳಿಕೊಟ್ಟಿದ್ದು!” ಎಂದು ಕಾಲರಣ್ಣ ಕೂಗಿದ.

“ನಾನಾ, ಅಣ್ಣಾ?” ಇಸ್ತ್ರಿಯವನು ಎದೆ ಮುಟ್ಟಿಕೊಂಡ.

“ಇನ್ನೊಬ್ಬರ ಕೆಲಸಕ್ಕೆ ಕತ್ತರಿ ಹಾಕೋನಿಗೆ ನನ್ನ ಕುರ್ಚಿ ಇಲ್ಲ. ಹೋಗು, ನಿನ್ನ ಮಿಷನ್ ಹತ್ರ ಕೂತ್ಕೋ,” ಎಂದು ಯಜಮಾನರು ಕಾಲರಣ್ಣನಿಗೆ ಹೇಳಿದರು.

“ಒಳ್ಳೇ ಬಟ್ಟೆ ಹಾಳಾಯ್ತಲ್ಲಾ,” ಎನ್ನುತ್ತ ಇಸ್ತ್ರಿಯವನು ಕೋಟನ್ನು ಸುಮ್ಮನೆ ಮೈಗೇರಿಸಿ ನೋಡಿದ. ಬೆನ್ನು, ಪಕ್ಕ, ಭುಜ, ಎಲ್ಲ ಅವನಿಗೇ ಅಳತೆ ಕೊಟ್ಟು ಹೊಲಿಸಿದಂತಿತ್ತು. ಯಜಮಾನರು ಕೋಟನ್ನೊಮ್ಮೆ, ಖಾಲಿ ಕುರ್ಚಿಯನ್ನೊಮ್ಮೆ ನೋಡಿ ತಲೆದೂಗಿದರು.

ಕುರ್ಚಿಯಲ್ಲಿ ಕೂತ ಹೊಸ ಮೇಲ್ವಿಚಾರಕ ಕೈ ಮುಂದೆ ಚಾಚಿದ.

“ತೋಳು ಮಾತ್ರ ಸ್ವಲ್ಪ ಉದ್ದ ಆಯ್ತು ಕಣಯ್ಯ. ನಾಳೆ ಬೆಳಗಾಗೋದ್ರೊಳಗೆ ಮಡಚಿ ಹೊಲ್ಕೊಡು.”

ಕಾಲರಣ್ಣ ಸೂಜಿಗೆ ದಾರ ಪೋಣಿಸಲು ಕೂತ.