ಹಣೆಯ ಭಂಡಾರ, ತತ್ತಿಯೊಳಗಿನ ಹೃದಯ

ಅವ್ವ ಹಣೆಗೆ ಹಚ್ಚಿ ಕಳಿಸಿದ್ದನ್ನು ಬಸ್‌ಸ್ಟ್ಯಾಂಡು ಮುಟ್ಟುವ ಮೊದಲೇ ಒರೆಸಿಕೊಳ್ಳುವ ಮಕ್ಕಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನು ಅವರ ಪೈಕಿಯವನಲ್ಲ. ಇದಕ್ಕೆಲ್ಲ ಭಕ್ತಿಯೇ ಕಾರಣ ಎಂದರೆ ನಮ್ಮ ಮನೆದೇವರು ಬೀರಪ್ಪನೇ ನಕ್ಕಾನು. ಖರೇ ಹೇಳಬೇಕೆಂದರೆ ನನ್ನದು ಪುಕ್ಕಲು ಸ್ವಭಾವ. ಒರೆಸಿಕೊಂಡ ದಿನವೇ ಏನಾದರೂ ಎಡವಟ್ಟಾದರೆ ಯಾರಿಗೆ ಬೇಕು? ನಮ್ಮದು ಗಡಿಯಂಚಿನ ಔರಾದ ಶಹಾಜನಿಯಲ್ಲಿ ಕುರಿ ಕಾಯುವ ಮನೆತನ. ಭಂಡಾರವೆಂದರೆ ಬೀರಪ್ಪನ ಮುಂದಿಟ್ಟ ಅರಿಷಿಣದ ಪುಡಿ. ಬೇರೆಯವರ ತಾಯಂದಿರು ಅದನ್ನು ಬೆರಳ ತುದಿಯಲ್ಲಿ ಹಚ್ಚುತ್ತಾರೆ, ನಮ್ಮವ್ವ ಅಂಗೈಯಿಂದ ಬಳಿಯುತ್ತಾಳೆ. ಸಾಕಬೇ ಎಂದರೆ, "ನೀ ಹೊರಗ ಹೋಗಾಂವ, ಜರಾ ಜಾಸ್ತೀನೇ ಇರ್ಲಿ" ಅಂತಾಳೆ.

ಎಂ.ಎಸ್ಸಿ. ಮುಗಿಸಿ ಉದಗೀರದ ಕಡೆಯ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಸಂಶೋಧನೆಯ ತರಬೇತಿಗೆಂದು ಸೇರಿದೆ. ಒಂದು ಜೀವಕಣದಿಂದ ಇಡೀ ಜೀವ ಹೇಗೆ ಬೆಳೆಯುತ್ತದೆ ಎಂದು ನೋಡುವುದು ಅಲ್ಲಿಯ ಕೆಲಸ. ಇದನ್ನು ಮನೆಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. "ತತ್ತಿಯೊಳಗ ಕೋಳಿಮರಿ ಹ್ಯಾಂಗ ಬೆಳೀತದ ಅಂತ ನೋಡೂದವ್ವಾ" ಎಂದೆ. "ಅದಕ್ಕ ಉದಗೀರತನಕ ಯಾಕ ಹೋಗ್ತೀ? ಹಿತ್ತಲದಾಗ ನಮ್ಮ ಕೋಳೀನೇ ಕಾವಿಗೆ ಕುಂತದಲ್ಲ" ಎಂದಳು. ಉಮರ್ಗಾದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ಮಾಮಾ ಅಂತೂ ಸಿಕ್ಕವರ ಮುಂದೆಲ್ಲ, "ಅಜ್ಜ ಕುರಿ ಕಾಯ್ದ, ಅಪ್ಪ ಕುರಿ ಕಾಯ್ದ, ನಮ್ಮ ಸಾಹೇಬ್ರು ಇಷ್ಟೆಲ್ಲಾ ಓದಿ ತತ್ತಿ ಕಾಯ್ಲಿಕ್ಕ ಹೋಗ್ಯಾರ" ಎಂದು ಹೇಳಿಕೊಂಡು ನಕ್ಕ. ನಗುತ್ತಲೇ ಅಂಗಡಿಯಲ್ಲಿ ನನಗೊಂದು ಕುರ್ಚಿಯನ್ನೂ ತೆಗೆದಿರಿಸಿದ್ದ. ಆ ಕುರ್ಚಿ ನೆನಪಾದಾಗಲೆಲ್ಲ ನನ್ನ ಮೂಗಿಗೆ ಯೂರಿಯಾ ವಾಸನೆ ಬರುತ್ತಿತ್ತು.

ಯಾಕೆಂದರೆ ಪ್ರಯೋಗಾಲಯದಲ್ಲಿ ನನ್ನ ಜಾಗ ಇನ್ನೂ ಗಟ್ಟಿಯಾಗಿರಲಿಲ್ಲ. ನಮ್ಮ ಮೇಡಂ ಮರಾಠಿಯವರು, ಮಾತು ಕಡಿಮೆ. ಸೇರಿದ ದಿನವೇ ಹೇಳಿಬಿಟ್ಟಿದ್ದರು: "ದೀಪಾವಳಿಯವರೆಗೆ ಬಾ. ಒಂದು ಭ್ರೂಣದಲ್ಲಿ ಹೃದಯವಾಗುವ ಕಣಗಳಷ್ಟೇ ಹೊಳೆಯುವ ಹಾಗೆ ಬಣ್ಣ ಕೂಡಿಸಿ ತೋರಿಸು. ಆಗಲಿಲ್ಲವೋ, ಸುಮ್ಮನೆ ಇಬ್ಬರೂ ವೇಳೆ ಹಾಳು ಮಾಡಿಕೊಳ್ಳುವುದು ಬೇಡ." ಕಾವು ಕೊಟ್ಟ ತತ್ತಿಯ ಸಿಪ್ಪೆಗೆ ಕಿಟಕಿಯಷ್ಟು ತೂತು ಕೊರೆದು, ಒಳಗಿನ ಕೂಸನ್ನು ನೋಯಿಸದೆ ಬಟ್ಟಲಿಗೆ ಇಳಿಸಿ, ಬಣ್ಣ ಹಾಕಿ, ನೀಲಿ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹೃದಯದ ಜಾಗ ಹಸಿರಾಗಿ ಹೊಳೆಯಬೇಕು. ನಾನು ಮೊದಮೊದಲು ಮಾಡಿದ್ದೆಲ್ಲ ಆಮ್ಲೆಟ್ಟಿಗೇ ಹತ್ತಿರವಾಗಿತ್ತು. ಆದರೂ ಒಮ್ಮೆ ಒಂದು ಕೂಸಿನ ಹೃದಯ ಮಿಡಿಯುವುದನ್ನು ಕಂಡೆ ನೋಡಿ, ಅಕ್ಕಿಕಾಳಿನಷ್ಟೂ ಇಲ್ಲದ ಜೀವ, ಯಾರೂ ಹೇಳಿಕೊಡದೆ ತನ್ನಷ್ಟಕ್ಕೆ ಮಿಡಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಇಲ್ಲಿಂದ ಹೋಗಬಾರದು ಅನಿಸಿತು.

ಕಡೆಗೊಂದು ದಿನ ಬಣ್ಣ ಕೂಡಿತು. ಕೂಡಿದ್ದೇನು, ಹೃದಯದ ಜೊತೆಗೆ ತಲೆಯಲ್ಲಿ, ಬೆನ್ನಲ್ಲಿ, ಬಾಲದ ತುದಿಯಲ್ಲಿ ಎಲ್ಲೆಂದರಲ್ಲಿ ಹಸಿರು ಚುಕ್ಕೆ! ನನಗಿಂತ ಮೊದಲು ಸೇರಿದ್ದ ಶುಭಾಂಗಿ ಅಕ್ಕ ಕಣ್ಣು ಹಚ್ಚಿದವಳೇ, "ಅರೇ, ಹೇ ಕಾಯ್? ಏನಿದು?" ಎಂದು ಕೂಗಿದಳು. ಹೃದಯದ ಕಣಗಳು ಇಷ್ಟು ದೂರ ನಡೆದು ಹೋಗುವುದನ್ನು ತಾನು ಕಂಡೇ ಇಲ್ಲ ಎಂದಳು. ಮೇಡಂ ನೋಡಿದರು, ಬಹಳ ಹೊತ್ತು ನೋಡಿದರು. "ಮತ್ತೆ ಮಾಡು" ಎಂದಷ್ಟೇ ಹೇಳಿದರು. ನನಗೆ ಅಷ್ಟೇ ಸಾಕಿತ್ತು. ಬಸ್ಸಿನಲ್ಲಿ ಬರುವಾಗ ಮಾಮಾನ ಕುರ್ಚಿಯ ಮೇಲೆ ಮನಸ್ಸಿನಲ್ಲೇ ಬೇರೆ ಯಾರನ್ನೋ ಕೂರಿಸಿಯೂ ಆಗಿತ್ತು.

"ಅವ್ವಾ, ಏನೋ ಹೊಸಾದು ಸಿಕ್ಕದ" ಎಂದೆ. ಅವ್ವ ಮರುದಿನ ಮುಂಜಾನೆ ದೇವರ ಉಪಕಾರಕ್ಕೆಂದು ಎರಡು ಪಾಲು ಭಂಡಾರ ಬಳಿದಳು. ಅವತ್ತು ಚುಕ್ಕೆಗಳೂ ಎರಡು ಪಾಲಾದವು! ಇದನ್ನು ಕೇಳಿ ಆಕೆ ಕಿವಿಗಳ ಹಿಂದೆಯೂ ಬಳಿದಳು. ಇಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಮಾಮಾನಿಗೆ ಹೇಳಬಾರದು.

ಹೊಳೆದದ್ದು ಆಮೇಲೆ. ಇಂಥ ಕೆಲಸದಲ್ಲಿ ಬಣ್ಣವನ್ನೇ ಹಾಕದ ಒಂದು ಬಟ್ಟಲನ್ನೂ ಪಕ್ಕಕ್ಕಿಡಬೇಕು, ಹೋಲಿಸಿ ನೋಡಲಿಕ್ಕೆ. ಖುಷಿಯ ಭರದಲ್ಲಿ ಮರೆತಿದ್ದ ಅದನ್ನು ಮತ್ತೊಂದು ದಿನ ಇಟ್ಟೆ. ಊಟದ ವೇಳೆ, ಎಲ್ಲರೂ ಡಬ್ಬಿ ಬಿಚ್ಚಲು ಹೋಗಿದ್ದರು. ನೋಡಿದರೆ ಬಣ್ಣವಿಲ್ಲದ ಬಟ್ಟಲಲ್ಲೂ ಹಸಿರು ಚುಕ್ಕೆಗಳು ಮಿನುಗುತ್ತಿವೆ. ಅಂದರೆ ನನಗೆ ಸಿಕ್ಕದ್ದು ಹೃದಯದ ಕಣಗಳೇ ಅಲ್ಲ. ಕಸದ ತೊಟ್ಟಿ ಕಾಲ ಹತ್ತಿರವೇ ಇತ್ತು. ಆ ಬಟ್ಟಲನ್ನು ಅದರೊಳಗೆ ಬೋರಲು ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೈ ಕೂಡ ಮುಂದೆ ಹೋಯಿತು. ಆಗ ಅಪ್ಪ ನೆನಪಾದ. ಮಂದೆಗೆ ಬೇರೆಯವರ ಕುರಿ ಬಂದು ಸೇರಿಕೊಂಡರೆ ಅಪ್ಪ ಅದರ ಕಿವಿಯ ಗುರುತು ನೋಡಿ, ಅರ್ಧ ದಿನ ನಡೆದಾದರೂ ಸರಿ, ಒಡೆಯನಿಗೆ ಮುಟ್ಟಿಸಿ ಬರುತ್ತಾನೆ. ಕುರಿ ಎಷ್ಟು ಕೊಬ್ಬಿದ್ದರೆ ಅಷ್ಟು ಗಡಿಬಿಡಿ ಮಾಡುತ್ತಾನೆ. ಯಾಕೆಂದು ಕೇಳಿದರೆ, "ಇಟ್ಕೋಬೇಕು ಅನಸೂದರೊಳಗ ಕೊಟ್ಟು ಬರಬೇಕಪಾ" ಅಂತಾನೆ. ಈ ಚುಕ್ಕೆಗಳು ನನ್ನ ಮಂದೆಯವಲ್ಲ. ಬಟ್ಟಲು ಎತ್ತಿಕೊಂಡು ಮೇಡಂ ಕೋಣೆಗೆ ಹೋದೆ.

"ಮೇಡಂ, ಬಣ್ಣ ಹಾಕದೇ ಇದ್ದದ್ದೂ ಹೊಳೀಲಿಕ್ಕತ್ತದ್ರೀ" ಎಂದೆ. ಗಾಬರಿಯಲ್ಲಿ ಮರಾಠಿ ಮರೆತು ಕನ್ನಡವೇ ಬಂತು. ಅವರಿಗೆ ಅರ್ಥವಾಯಿತು. ಗಡಿಯಲ್ಲಿ ಯಾರಿಗೆ ಆಗುವುದಿಲ್ಲ? ಅವರು ಬಟ್ಟಲು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನನ್ನ ಹಣೆಯ ಮೇಲೆ ಅವರ ಕಣ್ಣು ನಿಂತಿತು. ಗಾಜಿನ ಪಟ್ಟಿಯೊಂದನ್ನು ನನ್ನ ಹಣೆಗೆ ಒತ್ತಿ ತೆಗೆದು ನೀಲಿ ಬೆಳಕಿಗಿಟ್ಟರು. ಇಡೀ ಪಟ್ಟಿ ಹಸಿರಾಗಿ ಉರಿಯಿತು. ಅರಿಷಿಣ ಆ ಬೆಳಕಿನಲ್ಲಿ ಹಾಗೇ ಹೊಳೆಯುತ್ತದೆ. ನಾನು ಬಗ್ಗಿ ಕಣ್ಣು ಹಚ್ಚಿದಾಗಲೆಲ್ಲ ಬೀರಪ್ಪ ಬಟ್ಟಲಿಗೆ ಉದುರುತ್ತಿದ್ದ.

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮೇಡಂ ಕುರ್ಚಿಯಲ್ಲಿ ಕುಸಿದು ಕಣ್ಣೀರು ಬರುವಷ್ಟು ನಕ್ಕರು. "ನಮ್ಮ ಮನೆದೇವರು ಖಂಡೋಬಾ. ಹುಟ್ಟಿದಾಗಿನಿಂದ ಭಂಡಾರದಲ್ಲೇ ಮಿಂದವಳು ನಾನು, ನನಗಾದರೂ ತಿಳಿಯಬಾರದೇ?" ಎಂದರು. ಬಾಗಿಲ ತನಕ ಹೋದ ನನ್ನನ್ನು ಕರೆದು, "ದೀಪಾವಳಿ ಆದಮೇಲೂ ಬಾ. ಬಟ್ಟಲು ಚೆಲ್ಲದೆ ತಂದೆಯಲ್ಲ, ಅದನ್ನು ನಾನು ಕಲಿಸಲಿಕ್ಕಾಗುವುದಿಲ್ಲ. ಮುಖ ತೊಳೆಯುವುದನ್ನು ಕಲಿಸಬಹುದು" ಎಂದರು. ನಾನು ಓಡಿಹೋಗಿ ನಳದ ಕೆಳಗೆ ತಲೆಯಿಟ್ಟೆ. ನೀರಿನ ಜೊತೆ ಒಂದಿಷ್ಟು ಅಳುವೂ ಹೋಯಿತು.

ಅವ್ವನಿಗೆ ಎಲ್ಲ ಹೇಳಿದೆ. ಆಕೆಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. "ದೇವರು ಹೊಳೀಲಾರದೇ ಇರ್ತಾನೇನೋ?" ಎಂದಳು. ಮಗನ ಮಿಷನ್ನಿನಲ್ಲಿ ಬೀರಪ್ಪ ಕಂಡ ಎಂದು ಓಣಿಗೆಲ್ಲ ಹೇಳಿಬಂದಳು. ಮೊದಲ ಸಲ ಹೃದಯವೊಂದೇ ಶುದ್ಧವಾಗಿ ಹೊಳೆದ ದಿನ ನಾನು ಕುಣಿಯುತ್ತ ಬಂದರೆ, "ದೇವರು ಕಾಣ್ಲಿಲ್ಲೇನು?" ಎಂದು ಮುಖ ಸಣ್ಣದು ಮಾಡಿದಳು.

"ಹೋದಕೂಡ್ಲೆ ತೊಳ್ಕೋಬೇಕವ್ವಾ, ಸುಮ್ನ ಯಾಕ ಹಚ್ತೀ?" ಎಂದು ಕೇಳಿ ನೋಡಿದೆ. ಈಗ ಮೊದಲಿಗಿಂತ ಹೆಚ್ಚು ಬಳಿಯುತ್ತಾಳೆ. "ತೊಳೀತೀ ಅಂದಮ್ಯಾಲ ಜಾಸ್ತಿ ಹಚ್ಚಬೇಕಲ್ಲೋ ತಮ್ಮಾ, ಜರಾ ಆದ್ರೂ ಉಳೀಲಿ" ಅಂತಾಳೆ. ಪ್ರಯೋಗಾಲಯ ಮುಟ್ಟಿದೊಡನೆ ಸಾಬೂನು ಹಚ್ಚಿ ಎರಡೆರಡು ಸಲ ತಿಕ್ಕುತ್ತೇನೆ, ಮೇಲೆ ಟೊಪ್ಪಿಗೆ ಎಳೆದುಕೊಳ್ಳುತ್ತೇನೆ. ಆದರೂ ಜರಾ ಉಳಿದಿದೆಯೋ ಇಲ್ಲವೋ? ಗಾಜಿನ ಪಟ್ಟಿ ಕೈಗೇ ಸಿಗುವಂತಿದೆ, ನೀಲಿ ಬೆಳಕು ಎದುರಿಗೇ ಇದೆ. ಸಂಶೋಧಕನಾದವನು ನೋಡಿಯೇ ಬಿಡಬೇಕು. ಏನೂ ಹೊಳೆಯದೆ ಹೋದರೆ ಎಂಬ ಹೆದರಿಕೆಗೆ, ಆ ಒಂದು ಪ್ರಯೋಗ ಮಾತ್ರ ನಾನು ಇನ್ನೂ ಮಾಡಿಲ್ಲ.